ಅನುಮಿತಿಯ ಪ್ರಶ್ನೆಗಳಲ್ಲಿ ‘-ರೆ’, ‘-ರೇ’ ಮತ್ತು ನಿಷೇಧದ ವ್ಯಾಪ್ತಿ

ತಾರ್ಕಿಕ ಸಾಮರ್ಥ್ಯ ಪರೀಕ್ಷೆಗಳ ಅನುಮಿತಿ ಪ್ರಶ್ನೆಗಳು ಒಂದೇ ನಿಯಮವನ್ನು ಆಧರಿಸಿವೆ: ಆಧಾರವಾಕ್ಯಗಳು ಸತ್ಯವಾಗಿರುವಾಗ ಸುಳ್ಳಾಗಲು ಸಾಧ್ಯವಿಲ್ಲದ ಹೇಳಿಕೆ ಮಾತ್ರ ಸರಿಯುತ್ತರ. ಇಂತಹ ಹೇಳಿಕೆಯನ್ನು ನಾವು ‘ಅನಿವಾರ್ಯ ಫಲಿತ’ ಎಂದು ಕರೆಯುತ್ತೇವೆ. ಸಂವಾದದಲ್ಲಿ ಕೇಳುಗರು ಇದರಾಚೆಗೂ ಅರ್ಥವನ್ನು ಊಹಿಸಿಕೊಳ್ಳುತ್ತಾರೆ, ಅದು ‘ಸೂಚ್ಯಾರ್ಥ’. ತಪ್ಪುತ್ತರವೊಂದು ತರ್ಕದೋಷದಿಂದ ಬಂದುದೋ, ಪ್ರಶ್ನೆಯ ವಾಕ್ಯರಚನೆಯಿಂದ ಬಂದುದೋ ಎಂಬುದನ್ನು ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ಉದಾಹರಣೆಗಳು ನಮ್ಮವೇ.

(1) ಮಳೆ ಬಂದರೆ ಪಂದ್ಯ ರದ್ದಾಗುವುದು. ಮಳೆ ಬರಲಿಲ್ಲ.

‘ಪಂದ್ಯ ರದ್ದಾಗಲಿಲ್ಲ’ ಎಂಬ ನಿಗಮನವು ಇದರಿಂದ ಅನಿವಾರ್ಯವಾಗಿ ಹೊರಡುವುದಿಲ್ಲ. ಆದರೂ ಅದು ಸಹಜವಾಗಿ ತೋರುತ್ತದೆ. ಗೈಸ್ ಮತ್ತು ಜ್ವಿಕಿ 1971ರಲ್ಲಿ ಇಂತಹವನ್ನು ‘ಆಹ್ವಾನಿತ ಅನುಮಿತಿ’ ಎಂದು ಗುರುತಿಸಿದರು. ಪರೀಕ್ಷಿಸುವ ಬಗೆ ಸರಳ: ಮೊದಲ ವಾಕ್ಯಕ್ಕೆ ‘ಬೆಳಕು ಸಾಲದಿದ್ದಾಗಲೂ ರದ್ದಾಗುವುದು’ ಎಂದು ಸೇರಿಸಿದರೆ ವಿರೋಧ ಉಂಟಾಗದು. ಹೀಗೆ ರದ್ದುಪಡಿಸಬಹುದಾದ ಅರ್ಥ ಸೂಚ್ಯಾರ್ಥವೇ ಹೊರತು ಫಲಿತವಲ್ಲ.

(2) ಮಳೆ ಬಂದರೇ ಪಂದ್ಯ ರದ್ದಾಗುವುದು. ಮಳೆ ಬರಲಿಲ್ಲ.

ಇಲ್ಲಿ ಅವಧಾರಣೆಯ ‘-ಏ’ ಸೇರಿ, ಮಳೆಯು ರದ್ದತಿಗೆ ಅವಶ್ಯಕ ನಿಬಂಧನೆಯಾಗುತ್ತದೆ. ಮೇಲಿನ ಸೇರ್ಪಡೆ ಈಗ ವಿರೋಧವನ್ನು ಉಂಟುಮಾಡುತ್ತದೆ. (1)ರಲ್ಲಿ ತಪ್ಪಾಗಿದ್ದ ಉತ್ತರವೇ ಸರಿಯಾಗುತ್ತದೆ. ಅಂದರೆ ಒಂದು ಸ್ವರದ ದೀರ್ಘತೆ, ಅಚ್ಚಿನಲ್ಲಿ ಒಂದು ಗುರುತು, ಸರಿಯುತ್ತರವನ್ನೇ ಬದಲಿಸುತ್ತದೆ. ಕರಡು ತಿದ್ದುವಾಗ ಅದು ಬಿಟ್ಟುಹೋದರೆ ಅಭ್ಯರ್ಥಿಯ ತರ್ಕವನ್ನು ದೂರುವಂತಿಲ್ಲ.

(3) ಎಲ್ಲ ವಿದ್ಯಾರ್ಥಿಗಳೂ ಉತ್ತೀರ್ಣರಾಗಲಿಲ್ಲ.

ಈ ವಾಕ್ಯಕ್ಕೆ ಎರಡು ಓದುಗಳಿವೆ: ಒಬ್ಬರೂ ಉತ್ತೀರ್ಣರಾಗಲಿಲ್ಲ; ಉತ್ತೀರ್ಣರಾಗದವರೂ ಇದ್ದಾರೆ. ಮೊದಲನೆಯದರಲ್ಲಿ ‘ಎಲ್ಲ’ ಪದದ ವ್ಯಾಪ್ತಿ ಹಿರಿದು, ಎರಡನೆಯದರಲ್ಲಿ ನಿಷೇಧದ್ದು. ಕನ್ನಡದಲ್ಲಿ ಸಂಖ್ಯಾವಾಚಕ ಕರ್ಮಪದ ಮತ್ತು ನಿಷೇಧದ ಸಂಬಂಧವನ್ನು ಲಿಡ್ಜ್ ಮತ್ತು ಮುಸೊಲಿನೊ 2002ರಲ್ಲಿ ಪರಿಶೀಲಿಸಿದಾಗ, ವಯಸ್ಕರಿಗೆ ಎರಡೂ ಓದುಗಳು ದೊರೆಯುತ್ತವೆಂದೂ ನಾಲ್ಕು ವರ್ಷದ ಮಕ್ಕಳು ನಿಷೇಧದ ವ್ಯಾಪ್ತಿ ಹಿರಿದಾದ ಓದನ್ನೇ ಹಿಡಿಯುತ್ತಾರೆಂದೂ ಕಂಡುಬಂದಿತು. (3) ಬೇರೆ ರಚನೆಯಾದರೂ ಸಮಸ್ಯೆ ಅದೇ ಜಾತಿಯದು. ‘ಕೆಲವರಾದರೂ ಉತ್ತೀರ್ಣರಾದರೇ?’ ಎಂದು ಕೇಳಿದರೆ ಮೊದಲ ಓದು ‘ಇಲ್ಲ’ ಎನ್ನುತ್ತದೆ; ಎರಡನೆಯದು ‘ಹೇಳಲಾಗದು’ ಎನ್ನುತ್ತದೆ. ಇಲ್ಲಿ ರದ್ದತಿಯ ಪರೀಕ್ಷೆಯೂ ನೆರವಾಗದು, ಏಕೆಂದರೆ ಯಾವ ವಾಕ್ಯಾರ್ಥವನ್ನು ಪರೀಕ್ಷಿಸಬೇಕೆಂಬುದೇ ನಿಶ್ಚಿತವಾಗಿಲ್ಲ.

ಆದ್ದರಿಂದ ಮೂರು ಸಂದರ್ಭಗಳನ್ನು ಬೇರ್ಪಡಿಸಬೇಕು. (1)ರಲ್ಲಿ ತಪ್ಪುವವರು ಸೂಚ್ಯಾರ್ಥವನ್ನು ಫಲಿತವೆಂದು ಗ್ರಹಿಸಿದ್ದಾರೆ; ಪರೀಕ್ಷೆ ಅಳೆಯಬೇಕಾದುದು ಇದನ್ನೇ. (2)ರಲ್ಲಿ ಅಳೆಯಲ್ಪಡುವುದು ಓದಿನ ಸೂಕ್ಷ್ಮತೆಯೂ ಹೌದು. ‘ಬಂದರೆ ಮಾತ್ರ’ ಎಂದು ಬರೆದರೆ ಆ ಹೊರೆ ತಗ್ಗುತ್ತದೆ. (3)ರಲ್ಲಿ ಎರಡು ಉತ್ತರಗಳಿಗೂ ಸಮರ್ಥನೆಯಿದೆ. ಒಂದಕ್ಕೇ ಅಂಕ ನೀಡುವುದು ಅನ್ಯಾಯ. ‘ಯಾವ ವಿದ್ಯಾರ್ಥಿಯೂ ಉತ್ತೀರ್ಣರಾಗಲಿಲ್ಲ’ ಅಥವಾ ‘ಉತ್ತೀರ್ಣರಾಗದ ವಿದ್ಯಾರ್ಥಿಗಳಿದ್ದಾರೆ’ ಎಂಬ ರಚನೆಗಳು ಕನ್ನಡದಲ್ಲಿ ಸಹಜವಾಗಿಯೇ ಇವೆ. ಅವುಗಳಲ್ಲೊಂದನ್ನು ಆಯ್ದುಕೊಳ್ಳುವ ಹೊಣೆ ಪ್ರಶ್ನೆ ರಚಿಸುವವರದು, ಉತ್ತರಿಸುವವರದಲ್ಲ.