ಹರಕೆಗೆ ಬಗ್ಗದ ರೋಗ: ಡಯಾಲಿಸಿಸ್ ಮನೆಯಲ್ಲಿ ನಂಬಿಕೆಯ ಸ್ಥಾನ

ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಹೆಸರಘಟ್ಟದ ಕಡೆಗೆ ಹೊರಳುವ ದಾರಿಯಲ್ಲಿರುವ ಬಾಗಲಗುಂಟೆಯು, ದಾಸರಹಳ್ಳಿ ಸೀಮೆಯ ಇತರ ಊರುಗಳೊಂದಿಗೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಪೀಣ್ಯದ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಂಗಸರೂ ಇಲ್ಲಿನ ಬಾಡಿಗೆ ಮನೆಗಳಲ್ಲಿ ನೆಲೆಸಿದ್ದಾರೆ. ಬಿಟ್ಟುಬಂದ ಹಳ್ಳಿಯ ದೇವರು, ಇಲ್ಲಿನ ಮಾರಮ್ಮ, ಕುಲದೇವರ ಕ್ಷೇತ್ರ ಎಲ್ಲವೂ ಒಟ್ಟಿಗೆ ಬದುಕುವ ಇಂಥ ಮನೆಯೊಂದಕ್ಕೆ ದೀರ್ಘಕಾಲದ ಮೂತ್ರಪಿಂಡ ರೋಗ ಬಂದಾಗ ನಂಬಿಕೆಗೆ ಏನಾಗುತ್ತದೆ, ಅದು ಯಾವ ಕೆಲಸಕ್ಕೆ ಬರುತ್ತದೆ, ಎಲ್ಲಿ ತೊಡಕಾಗುತ್ತದೆ ಎಂಬುದು ಈ ಅಧ್ಯಾಯದ ವಿಷಯ.

ಆರೋಗ್ಯವಂತರ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಬೇಕಾದುದನ್ನು ಮರಳಿ ಹೀರಿಕೊಂಡು, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಹಾಕುತ್ತವೆ. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಎಂದು ಎಲ್ಲರೂ ಕರೆಯುವ ರಕ್ತದೊತ್ತಡ, ಇವೆರಡೂ ವರ್ಷಗಟ್ಟಲೆ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತ ಈ ಸೋಸುವ ಶಕ್ತಿಯನ್ನು ಕುಗ್ಗಿಸುವ ಮುಖ್ಯ ಕಾರಣಗಳಾಗಿದ್ದು, ಆರಂಭದಲ್ಲಿ ನೋವೇನೂ ಇಲ್ಲದಿರುವುದರಿಂದ ಕಾಲು ಊದಿ, ಊಟ ಸೇರದೆ, ಉಸಿರು ಕಟ್ಟಿದ ಮೇಲೆಯೇ ಅನೇಕರಿಗೆ ರೋಗದ ಅರಿವಾಗುತ್ತದೆ. ಸ್ನಾಯುಗಳ ಕೆಲಸದಿಂದ ಹುಟ್ಟುವ ಕಶ್ಮಲವಾದ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂಬ ಅಂಕಿಯೇ ಅಲ್ಲಿಂದಾಚೆಗೆ ಮನೆಮಂದಿಯ ಮಾತಿನ ಮೊದಲ ವಿಷಯವಾಗುತ್ತದೆ. ಸೋಸುವಿಕೆ ತೀರ ಕುಸಿದಾಗ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಶುದ್ಧಗೊಳಿಸುವ ಡಯಾಲಿಸಿಸ್ ಬೇಕಾಗುತ್ತದೆ. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಎಂಬುದು ವಾಡಿಕೆಯ ಪ್ರಮಾಣ. ವಾರದ 168 ಗಂಟೆಯೂ ನಡೆಯಬೇಕಾದ ಕೆಲಸವನ್ನು 12 ಗಂಟೆಯಲ್ಲಿ ಮಾಡಿಸುವ ಈ ಏರ್ಪಾಡು ಜೀವವನ್ನು ಉಳಿಸುತ್ತದೆಯಾದರೂ ಹಾಳಾದ ಅಂಗವನ್ನು ಸರಿಪಡಿಸುವುದಿಲ್ಲ.

ನಂಬಿಕೆಗೆ ಕಷ್ಟ ಎದುರಾಗುವುದು ಇಲ್ಲಿಯೇ. ಹರಕೆಯೆಂಬುದು ದೇವರೊಂದಿಗೆ ಮಾಡಿಕೊಳ್ಳುವ ಷರತ್ತಿನ ಒಪ್ಪಂದ: ಕಾಯಿಲೆ ವಾಸಿಯಾದರೆ ತಂಬಿಟ್ಟಿನ ಆರತಿ, ಜೀವ ಉಳಿದರೆ ತಿರುಪತಿಗೆ ಮುಡಿ. ಮಾರಮ್ಮನ ಆರಾಧನೆ ಬಲಗೊಂಡದ್ದು ಸಿಡುಬು, ಪ್ಲೇಗಿನಂಥ ಪಿಡುಗುಗಳ ಕಾಲದಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಆ ಹೆಸರಿನ ಅಮ್ಮನೇ ನಗರದಲ್ಲಿ ನೆಲೆಗೊಂಡಳು. ಅಂಥ ರೋಗಗಳು ಕೆಲವೇ ವಾರಗಳಲ್ಲಿ ಒಂದೋ ಆಳನ್ನು ಒಯ್ಯುತ್ತಿದ್ದವು, ಇಲ್ಲವೇ ಬಿಟ್ಟುಹೋಗುತ್ತಿದ್ದವು, ಆದ್ದರಿಂದ ಹರಕೆ ತೀರಿಸುವ ದಿನವೊಂದು ಖಚಿತವಾಗಿ ಬರುತ್ತಿತ್ತು. ಮೂತ್ರಪಿಂಡದ ಕಾಯಿಲೆಯಲ್ಲಿ ಆ ದಿನವೇ ಇಲ್ಲ. ಮೊದಲ ಹರಕೆ ಫಲಿಸಲಿಲ್ಲವೆಂದು ಎರಡನೆಯದು, ಒಂದು ಕ್ಷೇತ್ರ ಕೈಬಿಟ್ಟಿತೆಂದು ಮತ್ತೊಂದು, ಕೊನೆಗೆ ಯಾರೋ ಹೇಳಿದ ನಾಟಿ ಔಷಧಿ ಎಂದು ಅಲೆಯುವ ಕುಟುಂಬವು ಹಣವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಪಾದರಸ, ಸೀಸ ಬೆರೆತ ಭಸ್ಮಗಳು ಉಳಿದಿದ್ದ ಮೂತ್ರಪಿಂಡದ ಶಕ್ತಿಯನ್ನೂ ತೆಗೆಯಬಲ್ಲವು.

ಅಮೆರಿಕದ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ 1997ರ ತಮ್ಮ ಗ್ರಂಥದಲ್ಲಿ, ಕಷ್ಟವನ್ನು ಎದುರಿಸಲು ಜನ ಧರ್ಮವನ್ನು ಬಳಸುವ ಬಗೆಗಳನ್ನು ವಿವರವಾಗಿ ಪರಿಶೀಲಿಸಿದರು. ದೇವರು ಜೊತೆಗಿದ್ದಾನೆಂಬ ಭಾವ ಮತ್ತು ಸಮುದಾಯದ ಆಸರೆ ರೋಗಿಗೆ ನೆರವಾಗಬಹುದಾದರೆ, ಇದು ದೇವರ ಶಿಕ್ಷೆಯೆಂಬ ಭಾವ ಸಂಕಟವನ್ನು ಹೆಚ್ಚಿಸುತ್ತದೆಂಬುದು ಈ ಬಗೆಯ ಅಧ್ಯಯನಗಳ ತಿರುಳು. ‘ಯಾವ ಜನ್ಮದ ಪಾಪವೋ’ ಎಂದು ನೆಂಟರು ಕನಿಕರದಿಂದಲೇ ಆಡುವ ಮಾತು ಎರಡನೆಯ ಬಗೆಗೆ ಸೇರಿದ್ದು. ಪ್ರಾರ್ಥನೆಯೇ ದೇಹವನ್ನು ಗುಣಪಡಿಸುತ್ತದೆಯೇ ಎಂದು ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1,802 ರೋಗಿಗಳಲ್ಲಿ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅಪರಿಚಿತರ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ; ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದವರಲ್ಲಿ ತೊಡಕುಗಳು ತುಸು ಹೆಚ್ಚೇ ಕಂಡವು. ಇದರಿಂದ ಪ್ರಾರ್ಥನೆ ವ್ಯರ್ಥವೆಂದು ಸಾಧಿಸಿದಂತಾಗದು. ನಡುಮನೆಯ ದೀಪದ ಮುಂದೆ ತಾಯಿ ಬೇಡಿಕೊಳ್ಳುವುದನ್ನು ಅಳೆಯಲು ಆ ಪ್ರಯೋಗ ಹೊರಟಿರಲಿಲ್ಲ.

ದೀರ್ಘರೋಗಕ್ಕೆ ಹೊಂದಿಕೆಯಾಗುವ ಆಚರಣೆ ಹರಕೆಗಿಂತ ವ್ರತ. ಫಲವನ್ನು ಬಯಸಿ ಹಿಡಿದ ವ್ರತವೂ ಗೊತ್ತಾದ ದಿನದಂದು ಮರಳಿ ಮರಳಿ ನಡೆಯಬೇಕು, ನಿಯಮ ತಪ್ಪಬಾರದು, ಮನೆಯವರೆಲ್ಲ ಕೈಜೋಡಿಸಬೇಕು. ಸೋಮವಾರ, ಬುಧವಾರ, ಶುಕ್ರವಾರದ ಡಯಾಲಿಸಿಸ್ ಸರದಿ ಕೇಳುವುದೂ ಇದನ್ನೇ. ಆದರೆ ಆಚರಣೆಯ ವಿವರಗಳನ್ನು ರೋಗಿಯ ದೇಹಕ್ಕೆ ತಕ್ಕಂತೆ ತಿದ್ದಿಕೊಳ್ಳಬೇಕಾಗುತ್ತದೆ. ಮೂತ್ರಪಿಂಡ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣಾಂಶ ಏರಿದರೆ ಹೃದಯದ ಬಡಿತವೇ ತಪ್ಪಿ ನಿಂತುಹೋಗಬಹುದಾದ್ದರಿಂದ, ಪ್ರಸಾದದ ಬಾಳೆಹಣ್ಣು, ಖರ್ಜೂರ, ಅಭಿಷೇಕದ ಎಳನೀರು ಅವರಿಗೆ ಅಪಾಯಕಾರಿ. ತೀರ್ಥದ ಒಂದು ಉದ್ಧರಣೆಯಿಂದ ಏನೂ ಆಗದು. ಶ್ರೀರಾಮನವಮಿಯ ಪಾನಕವನ್ನು ಲೋಟಗಟ್ಟಲೆ ಕುಡಿದರೆ ಆ ನೀರು ಹೊರಹೋಗಲು ದಾರಿಯಿಲ್ಲದೆ ಶ್ವಾಸಕೋಶದಲ್ಲಿ ತುಂಬಿಕೊಳ್ಳಬಹುದು. ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುವ ಭಯವಿದೆ. ರೋಗಿಗಳಿಗೆ ರಂಜಾನ್ ಉಪವಾಸದಿಂದ ಕುರ್‌ಆನ್ ಸ್ಪಷ್ಟವಾಗಿ ವಿನಾಯಿತಿ ಕೊಡುತ್ತದೆ, ಧರ್ಮಶಾಸ್ತ್ರದ ಸಂಪ್ರದಾಯವೂ ಬಾಲರು, ವೃದ್ಧರು, ರೋಗಿಗಳನ್ನು ಕಟ್ಟುನಿಟ್ಟಿನ ಉಪವಾಸದಿಂದ ಬಿಡಿಸುತ್ತದೆ. ಆದರೂ ವೈದ್ಯರ ಮಾತಿಗೆ ಒಪ್ಪದವರು ಅರ್ಚಕರೋ ಮೌಲ್ವಿಯೋ ಹೇಳಿದರೆ ಒಪ್ಪುವುದರಿಂದ, ಅವರನ್ನು ಚಿಕಿತ್ಸೆಯ ಮಾತುಕತೆಗೆ ಕರೆದುಕೊಳ್ಳುವುದು ಜಾಣತನ.

ನಂಬಿಕೆಯ ಜೊತೆಗೆ, ಪೀಣ್ಯದ ಕಾರ್ಮಿಕರ ಮಟ್ಟಿಗೆ ಇನ್ನೊಂದು ಆಸರೆ 1948ರ ಕಾಯ್ದೆಯಿಂದ ಬಂದ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಎಲ್ಲರ ಬಾಯಲ್ಲಿರುವ ಇ.ಎಸ್.ಐ. ವಿಮೆಯುಳ್ಳ ಕಾರ್ಮಿಕರೇ ದೀರ್ಘಕಾಲದ ಮೂತ್ರಪಿಂಡ ವೈಫಲ್ಯಕ್ಕೆ ಗುರಿಯಾದರೆ, ಅರ್ಹತೆಯ ಷರತ್ತುಗಳಿಗೆ ಒಳಪಟ್ಟು, ಎರಡು ವರ್ಷದವರೆಗೂ ಕೂಲಿಯ ಶೇಕಡಾ 80ರ ದರದಲ್ಲಿ ವಿಸ್ತರಿತ ಅನಾರೋಗ್ಯ ಭತ್ಯೆ ದೊರೆಯಬಹುದು.

ಯಂತ್ರದಿಂದ ಬಿಡುಗಡೆ ನೀಡಬಲ್ಲ ದಾರಿ ಮೂತ್ರಪಿಂಡದ ಕಸಿ. ಒಬ್ಬರ ಆಯುಸ್ಸನ್ನು ಇನ್ನೊಬ್ಬರಿಗೆ ಕೊಡುವ ಕಲ್ಪನೆ ಕನ್ನಡದ ಭಕ್ತಿಗೆ ಹೊಸದಲ್ಲ: ಹೊಟ್ಟೆಶೂಲೆಯಿಂದ ನರಳುತ್ತಿದ್ದ ಮಾನ್ವಿಯ ವಿದ್ವಾಂಸರಿಗೆ ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಧಾರೆಯೆರೆದರೆಂದೂ, ಅವರೇ ಮುಂದೆ ಜಗನ್ನಾಥದಾಸರಾಗಿ ‘ಹರಿಕಥಾಮೃತಸಾರ’ ರಚಿಸಿದರೆಂದೂ ಹರಿದಾಸ ಪರಂಪರೆ ಹೇಳುತ್ತದೆ. ಕಸಿಯಲ್ಲಿ ಈ ದಾನ ಅಕ್ಷರಶಃ ದೇಹದ್ದು. ಅಂಗಾಂಗ ಕಸಿಯ 1994ರ ಕಾಯ್ದೆಯಂತೆ ತಂದೆತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ ಕೊಡಬಹುದು; 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ಆದರೆ ಗೋಪಾಲದಾಸರನ್ನು ಯಾರೂ ಬಲವಂತಪಡಿಸಿರಲಿಲ್ಲ, ಮನೆಯ ಸೊಸೆಯ ವಿಷಯದಲ್ಲಿ ಹಾಗೆ ಹೇಳಲಾಗದು. ಭಾರತದಲ್ಲಿ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಗಸರೇ ಹೆಚ್ಚು, ಪಡೆಯುವವರಲ್ಲಿ ಗಂಡಸರೇ ಹೆಚ್ಚು. ತಾಯಿಯ ತ್ಯಾಗ, ಮುತ್ತೈದೆಯ ಧರ್ಮ ಎಂಬ ಮಾತುಗಳು ಒತ್ತಾಯದ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಡುತ್ತವೆ. ಇದನ್ನು ಮನಗಂಡೇ 2014ರ ನಿಯಮಗಳು, ಕೊಡುವವರು ಹೆಣ್ಣಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕೆಂದೂ, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದ ಬೇರೊಬ್ಬರು ದೃಢಪಡಿಸಬೇಕೆಂದೂ ವಿಧಿಸಿವೆ.