ಪ್ರೋಟೀನನ್ನು ಜಾಲಿಸುವ ಬಗೆ

ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲನ್ನು ಬೇರ್ಪಡಿಸುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಕಲ್ಲು ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ಕೆಲಸ ಸುಲಭ. ಆದರೆ ಒಂದು ತೊಟ್ಟು ರಕ್ತದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಬೆರೆತಿರುತ್ತವೆ. ಅವುಗಳಲ್ಲಿ ಬೇಕಾದ ಒಂದನ್ನು ಮಾತ್ರ ಹೊರತೆಗೆಯಬೇಕಾದರೆ, ಅದನ್ನೇ ಕಚ್ಚಿ ಹಿಡಿಯುವ ಗಾಳವೊಂದು ಬೇಕು. ಆ ಗಾಳವನ್ನು ಹುಡುಕುವ ಉಪಾಯವೇ ‘ಫೇಜ್ ಡಿಸ್‌ಪ್ಲೇ’.

ಫೇಜ್ ಎಂದರೆ ಬ್ಯಾಕ್ಟೀರಿಯವನ್ನು ಹೊಕ್ಕು ಅದರೊಳಗೆ ವೃದ್ಧಿಯಾಗುವ ವೈರಸ್. ಎಂ13 ಎಂಬ ಫೇಜು ನೂಲಿನೆಳೆಯಂತಿದೆ. ಉದ್ದ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತುಸು ಕಡಿಮೆ. ತನಗೆ ಆಶ್ರಯ ಕೊಟ್ಟ ಬ್ಯಾಕ್ಟೀರಿಯವನ್ನು ಇದು ಕೊಲ್ಲುವುದಿಲ್ಲವೆಂಬುದು ಇದರ ಸೌಜನ್ಯ! ಇಂಥ ಎಳೆಯಂತಹ ಫೇಜಿನ ವಂಶವಾಹಿಯಲ್ಲಿ ಪರಕೀಯ ವಂಶವಾಹಿಯ ತುಣುಕೊಂದನ್ನು ಸೇರಿಸಿದರೆ, ಅದರ ಪ್ರೋಟೀನು ಫೇಜಿನ ಹೊರಮೈಯಲ್ಲಿ ಕಾಣಿಸಿಕೊಳ್ಳುವುದೆಂದು ಅಮೆರಿಕದ ಮಿಸೌರಿ ವಿಶ್ವವಿದ್ಯಾನಿಲಯದ ಜಾರ್ಜ್ ಸ್ಮಿತ್ ಅವರು 1985ರಲ್ಲಿ ತೋರಿಸಿದರು. ಹೊರಗೆ ಪ್ರೋಟೀನು, ಒಳಗೆ ಅದನ್ನು ತಯಾರಿಸುವ ವಿಧಿ. ಇಡೀ ವಿಧಾನದ ಜೀವಾಳ ಇಷ್ಟೇ.

ಈಗ ಬೇರೆ ಬೇರೆ ತುಣುಕುಗಳನ್ನು ಹೊತ್ತ ಕೋಟಿಗಟ್ಟಲೆ ಫೇಜುಗಳನ್ನು ಸಿದ್ಧಪಡಿಸಿ, ನಮ್ಮ ಗುರಿಯಾದ ಪ್ರೋಟೀನನ್ನು ಲೇಪಿಸಿದ ತಟ್ಟೆಗೆ ಸುರಿಯುತ್ತಾರೆ. (ಲೇಪಿಸುವಷ್ಟು ಶುದ್ಧ ಪ್ರೋಟೀನು ಮೊದಲೇ ಬೇರೆ ಮಾರ್ಗದಿಂದ ದೊರೆತಿರಬೇಕು.) ಬಳಿಕ ತೊಳೆಯುತ್ತಾರೆ. ಅಂಟದವು ಹರಿದುಹೋಗುತ್ತವೆ, ಅಂಟಿದವು ಉಳಿಯುತ್ತವೆ. ಇಲ್ಲಿ ನಮಗೆ ಬೇಕಾದದ್ದು ಅಕ್ಕಿಯಲ್ಲ, ಕಲ್ಲು! ಉಳಿದವನ್ನು ಆಮ್ಲದಿಂದ ಬಿಡಿಸಿ ಬ್ಯಾಕ್ಟೀರಿಯಗಳಿಗೆ ಸೋಂಕಿಸಿದರೆ, ರಾತ್ರಿ ಕಳೆಯುವುದರೊಳಗೆ ಅಪಾರವಾಗಿ ವೃದ್ಧಿಯಾಗುತ್ತವೆ. ಮೂರು ನಾಲ್ಕು ಸಲ ಹೀಗೆ ಜಾಲಿಸಿದ ಮೇಲೆ ಚೆನ್ನಾಗಿ ಕಚ್ಚುವವೇ ಹೆಚ್ಚಾಗಿ ಉಳಿಯುತ್ತವೆ. ಅವುಗಳ ಒಡಲಲ್ಲಿರುವ ವಂಶವಾಹಿಯನ್ನು ಓದಿದರೆ ಗಾಳದ ರಚನೆ ತಿಳಿಯಿತು.

ಮೋಸವೂ ಉಂಟು. ಕೆಲವು ಫೇಜುಗಳು ಪ್ರೋಟೀನಿಗಲ್ಲದೆ ತಟ್ಟೆಯ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಗೆದ್ದವರಂತೆ ನಟಿಸುತ್ತವೆ. ಆದ್ದರಿಂದ ಮೊದಲು ಬರಿಯ ತಟ್ಟೆಗೆ ಸುರಿದು, ಅಂಟಿದವನ್ನು ಅಲ್ಲೇ ಬಿಟ್ಟುಬಿಡುವುದು ಜಾಣತನ.

ದೊರೆತ ಗಾಳವನ್ನು ಕಾಂತಗುಣವುಳ್ಳ ಸೂಕ್ಷ್ಮ ಮಣಿಗಳಿಗೆ ಅಂಟಿಸಿ ರಕ್ತದ ಸೀರಮ್ಮಿನಲ್ಲಿ ಕಲಕುತ್ತಾರೆ. ಕೊಳವೆಯ ಪಕ್ಕಕ್ಕೆ ಅಯಸ್ಕಾಂತವನ್ನು ಹಿಡಿದರೆ ಮಣಿಗಳು ಗೋಡೆಗೆ ಸೇರುತ್ತವೆ, ಹಿಡಿದ ಪ್ರೋಟೀನಿನೊಡನೆ. ಉಳಿದದ್ದನ್ನು ಚೆಲ್ಲಿದರಾಯಿತು.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಗ್ರೆಗರಿ ವಿಂಟರ್ ಮತ್ತು ಸಂಗಡಿಗರು 1990ರಲ್ಲಿ ಪ್ರತಿಕಾಯದ ತುಣುಕುಗಳನ್ನೇ ಫೇಜಿನ ಮೇಲೆ ಕೂರಿಸಿದರು. ಅದುವರೆಗೆ ಔಷಧಕ್ಕಾಗಿ ಇಲಿಗಳಿಂದ ಪಡೆದ ಪ್ರತಿಕಾಯಗಳನ್ನು ಮನುಷ್ಯನ ದೇಹ ಪರಕೀಯವೆಂದು ತಿರಸ್ಕರಿಸುತ್ತಿದ್ದುದುಂಟು. ಈಗ ಮಾನವ ಪ್ರತಿಕಾಯಗಳನ್ನೇ ಜಾಲಿಸಿ ಆರಿಸಬಹುದಾಯಿತು. ಸ್ಮಿತ್ ಮತ್ತು ವಿಂಟರ್ 2018ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧಭಾಗವನ್ನು ಹಂಚಿಕೊಂಡರು. ಈ ಮಾರ್ಗದಿಂದ ಬಂದ ಅಡಾಲಿಮುಮಾಬ್ ಎಂಬ ಔಷಧಕ್ಕೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕೀಲುಗಳನ್ನು ಊದಿಸುವ ಟಿ.ಎನ್.ಎಫ್. ಎಂಬ ಪ್ರೋಟೀನನ್ನು ಅದು ಸಂಧಿವಾತದ ರೋಗಿಯ ಮೈಯೊಳಗೇ ಹಿಡಿದು ನಿಲ್ಲಿಸುತ್ತದೆ.