ಮನೆ ಕಟ್ಟಿಸ್ತಿದ್ದೀರಾ? ಟೇಪ್ ನಿಮ್ಮ ಕೈಲೂ ಇರಲಿ

ಆಫೀಸಿನ ಲೆಕ್ಕದಲ್ಲಿ ಪಂಟರಾದವರೂ ಸೈಟಿಗೆ ಹೋದರೆ ತಬ್ಬಿಬ್ಬು. ಮೇಸ್ತ್ರಿ ‘ಹತ್ತು ಚದರ’ ಅಂತಾರೆ, ನಾವು ತಲೆಯಾಡಿಸ್ತೀವಿ.

ಒಂದು ಚದರ ಅಂದರೆ 100 ಚದರ ಅಡಿ. 30x40 ಸೈಟು 12 ಚದರ. ಸುತ್ತ ಜಾಗ ಬಿಟ್ಟರೆ ಮನೆ ಅಷ್ಟಿರಲ್ಲ. ಚದರಕ್ಕೆ ಇಷ್ಟು ಅಂತ ರೇಟು ಮಾತಾಡುವಾಗ ಮೆಟ್ಟಿಲು, ಬಾಲ್ಕನಿ, ಪೋರ್ಟಿಕೊ ಲೆಕ್ಕಕ್ಕೆ ಸೇರುತ್ತಾ ಅಂತ ಮೊದಲೇ ಬರೆಸಿಕೊಳ್ಳಿ. ಜಗಳ ಹುಟ್ಟೋದೇ ಅಲ್ಲಿ.

ಮರಳಿನ ಲೋಡ್ ಬಂತಾ? ಸುರಿಯೋ ಮೊದಲು ಉದ್ದ, ಅಗಲ, ಎತ್ತರ ಅಡಿಯಲ್ಲಿ ಅಳೆದು ಗುಣಿಸಿ. 10x6x2 ಇದ್ದರೆ 120 ಘನ ಅಡಿ. ಒದ್ದೆ ಮರಳು ಉಬ್ಬಿರುತ್ತೆ, ಇರೋದಕ್ಕಿಂತ ಜಾಸ್ತಿ ಕಾಣುತ್ತೆ, ನೆನಪಿರಲಿ.

ಪಾಯದ ಮೂಲೆ ನೆಟ್ಟಗಿದೆಯಾ? ಮೂಲೆಯಿಂದ ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿಗೆ ಗುರುತು ಹಾಕಿ. ಎರಡರ ನಡುವೆ ಸರಿಯಾಗಿ 5 ಅಡಿ ಬರಬೇಕು. ಬರದಿದ್ದರೆ ಆಗಲೇ ಸರಿಮಾಡಿಸಿ. ಟೈಲ್ಸ್ ಹಾಕೋವಾಗ ಗೊತ್ತಾದರೆ ಗೋಡೆ ಒಡೆಯೋಕಾಗಲ್ಲ.

ಅಳೆದರೆ ಮೇಸ್ತ್ರಿ ಬೇಜಾರು ಮಾಡ್ಕೊಳ್ತಾರೆ ಅನ್ನೋ ಸಂಕೋಚ ಬೇಡ. ಒಳ್ಳೆ ಮೇಸ್ತ್ರಿಯಾದರೆ ಟೇಪಿನ ಇನ್ನೊಂದು ತುದಿ ತಾವೇ ಹಿಡ್ಕೊಳ್ತಾರೆ.